ಟ್ಯೂಬ್ ಅರ್ಧ ಉಳಿದಿದೆ ಅಂದ್ರೆ ನೀವು ಹಚ್ಚಿಲ್ಲ

ದೀಪಾವಳಿ, ಕ್ರಿಸ್‌ಮಸ್, ಏಪ್ರಿಲ್–ಮೇ ಸೂಟಿ. ಇವು ಮುಗಿದ ವಾರ ಹುಬ್ಬಳ್ಳಿಯ ಯಾವ ಚರ್ಮರೋಗ ಕ್ಲಿನಿಕ್‌ಗೆ ಹೋದರೂ ಗೋಕರ್ಣ, ಕಾರವಾರ, ಮುರ್ಡೇಶ್ವರದಿಂದ ಬಂದವರು ಸಿಗುತ್ತಾರೆ. ಮೂಗಿನ ಮೇಲೆ ಸಿಪ್ಪೆ ಎದ್ದವರು, ಹೆಗಲಿನ ಮೇಲೆ ಅಂಗಿ ತಾಗಿದರೂ ಉರಿ ಅನ್ನುವ ಹುಡುಗರು, ವರ್ಷಗಟ್ಟಲೆ ಔಷಧ ಮಾಡಿ ತಿಳಿಯಾಗಿದ್ದ ಬಂಗು ಮತ್ತೆ ದಟ್ಟವಾದ ಹೆಣ್ಣುಮಕ್ಕಳು. ಹೆಚ್ಚಿನವರದು ಒಂದೇ ಮಾತು: "ಸನ್‌ಸ್ಕ್ರೀನ್ ಹಚ್ಚಿದ್ವಿರೀ ಡಾಕ್ಟ್ರ, ಅದೂ ಎಸ್‌ಪಿಎಫ್ 50. ಆದ್ರೂ ಹಿಂಗಾತು ನೋಡ್ರಿ."

ಟ್ಯೂಬ್ ತಂದಿದ್ದರೆ ತೋರಿಸಿ ಅನ್ನುತ್ತೇನೆ. ಬ್ಯಾಗಿನಿಂದ ತೆಗೆಯುತ್ತಾರೆ. 50 ಗ್ರಾಂ ಟ್ಯೂಬ್. ಗಂಡ, ಹೆಂಡತಿ, ಇಬ್ಬರು ಮಕ್ಕಳು ಎರಡು ದಿನ ಕಡಲ ದಂಡೆಯಲ್ಲಿ ಇದ್ದು ಬಂದಿದ್ದಾರೆ. ಟ್ಯೂಬ್ ಒತ್ತಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಒಳಗೇ ಇದೆ. ಕೆಲವರದು ಹೋದ ವರ್ಷ ಕೊಂಡದ್ದು!

ಈ ಲೆಕ್ಕ ಮನಸ್ಸಿಗೆ ಇಳಿಯುವವರೆಗೆ ಬೇರೆ ಯಾವ ಟಿಪ್ಸ್ ಕೊಟ್ಟರೂ ಉಪಯೋಗವಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಸ್‌ಪಿಎಫ್ ಅಂದರೆ ಬಿಸಿಲಿಗೆ ಚರ್ಮ ಸುಡದಂತೆ ಕ್ರೀಮ್ ಎಷ್ಟು ಕಾಯುತ್ತದೆ ಅನ್ನುವ ಅಳತೆ. ಟ್ಯೂಬ್ ಮೇಲಿನ 50 ಅನ್ನುವ ಅಂಕಿ ಲ್ಯಾಬಿನಲ್ಲಿ ಅಳೆದದ್ದು. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚಿದಾಗ ಮಾತ್ರ ಆ ರಕ್ಷಣೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ, ಕಾಲು ಭಾಗ. ಅಷ್ಟು ತೆಳುವಾಗಿ ಹಚ್ಚಿದರೆ 50 ಅಂಕಿ 50 ಆಗಿ ಉಳಿಯುವುದಿಲ್ಲ. ಕಡಿಮೆ ಅಂದರೂ ಅರ್ಧಕ್ಕೆ ಇಳಿಯುತ್ತದೆ, ಎಷ್ಟೋ ಸಲ ಅದಕ್ಕಿಂತಲೂ ಕೆಳಗೆ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು 97 ಪ್ರತಿಶತ ತಡೆಯುತ್ತದೆ, 50 ಸುಮಾರು 98. ನಡುವೆ ಇರುವುದು ಇಷ್ಟೇ ಅಂತರ. ದುಬಾರಿ 50 ತಂದು ಚೂರೇ ಚೂರು ಹಚ್ಚುವುದಕ್ಕಿಂತ 30 ತಂದು ಧಾರಾಳ ಹಚ್ಚುವುದು ಎಷ್ಟೋ ಮೇಲು. ಆದರೆ ಚರ್ಮ ಕಪ್ಪಾಗಿಸುವ ಯುವಿಎ ಕಿರಣದ ತಡೆಗೆ ಟ್ಯೂಬ್ ಮೇಲೆ 'ಪಿಎ' ಅಂತ ಬರೆದದ್ದರ ಮುಂದೆ ಮೂರು ಪ್ಲಸ್ ಗುರುತಾದರೂ ಇರಲಿ.

ಧಾರಾಳ ಅಂದರೆ ಎಷ್ಟು? ಮುಖ, ಕಿವಿ, ಕುತ್ತಿಗೆ ಸೇರಿ ಒಂದು ಚಹಾ ಚಮಚದಷ್ಟು. ಎರಡು ಕೈಗೆ ಒಂದೂವರೆಯಿಂದ ಎರಡು ಚಮಚ. ಮೊಣಕಾಲ ಕೆಳಗೆ ಎರಡು. ಅರ್ಧ ತೋಳಿನ ಅಂಗಿ, ಚಡ್ಡಿ ಹಾಕಿದವರಿಗೆ ಒಂದು ಸಲಕ್ಕೇ 20ರಿಂದ 25 ಎಂಎಲ್ ಬೇಕು. ಅಂದರೆ ನಿಮ್ಮ 50 ಗ್ರಾಂ ಟ್ಯೂಬ್ ಒಬ್ಬರಿಗೆ ಎರಡು ಸಲಕ್ಕೆ ಮುಗಿಯಬೇಕು. ಮಕ್ಕಳಿಗೆ ಕಡಿಮೆ ಹಿಡಿದರೂ ನಾಲ್ಕು ಜನರ ಮನೆಗೆ ಒಂದೇ ಸಲಕ್ಕೆ ಒಂದೂವರೆ ಟ್ಯೂಬ್! ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ನೀರಿಗಿಳಿದು ಬಂದು ಟವೆಲ್‌ನಿಂದ ಒರೆಸಿಕೊಂಡರೆ ತಕ್ಷಣ ಹಚ್ಚಬೇಕು. ಈಗ ಹೇಳಿ, ಎರಡು ದಿನದಲ್ಲಿ ಟ್ಯೂಬ್ ಅರ್ಧ ಉಳಿದದ್ದು ಹೇಗೆ?

"ಅಷ್ಟು ರೊಕ್ಕ ಎಲ್ಲಿಂದ ತರೋಣ್ರಿ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಬಟ್ಟೆ. ಪೂರ್ತಿ ತೋಳಿನ ಒತ್ತು ನೇಯ್ಗೆಯ ಅಂಗಿ, ಪೈಜಾಮಾ, ಸುತ್ತಲೂ ಅಂಚಿರುವ ಟೊಪ್ಪಿಗೆ. ಆಗ ಕ್ರೀಮ್ ಬೇಕಾಗುವುದು ಮುಖ, ಕಿವಿ, ಕುತ್ತಿಗೆ, ಅಂಗೈ ಹಿಂಭಾಗ, ಪಾದದ ಮೇಲ್ಭಾಗಕ್ಕೆ ಮಾತ್ರ. ಎರಡು ಚಮಚದಲ್ಲಿ ಒಬ್ಬರದು ಮುಗಿಯುತ್ತದೆ. ಬಟ್ಟೆ ಗಾಢ ಬಣ್ಣದ್ದಿರಲಿ. ಬಿಳಿ ತೆಳು ಕಾಟನ್ ಒದ್ದೆಯಾದರೆ ಬಿಸಿಲನ್ನು ಒಳಗೆ ಬಿಡುತ್ತದೆ. ಮಕ್ಕಳಿಗೆ ಈಜಿನ ಪೂರ್ತಿ ತೋಳಿನ ಟೀ ಶರ್ಟ್ ಸಿಗುತ್ತವೆ, ಒಂದು ಟ್ಯೂಬಿನ ದುಡ್ಡು ಅದಕ್ಕೆ ಹಾಕಿ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳು ಮತ್ತು ಬಟ್ಟೆ ಸಾಕು.

ಇನ್ನೊಂದು ತಪ್ಪು ಹಚ್ಚುವ ಹೊತ್ತಿನದು. ನಸುಕಿನಲ್ಲಿ ಎದ್ದು ಮನೆಯಲ್ಲೇ ಹಚ್ಚಿಕೊಂಡು ಕಾರು ಹತ್ತುತ್ತಾರೆ. ಕಲಘಟಗಿ, ಯಲ್ಲಾಪುರದಲ್ಲಿ ನಾಷ್ಟಾ, ಮುಖ ತೊಳೆಯುವುದು, ಅರಬೈಲ್ ಘಟ್ಟ, ಅಂಕೋಲಾ. ಗೋಕರ್ಣದ ಓಂ ಬೀಚ್ ಮುಟ್ಟುವ ಹೊತ್ತಿಗೆ ಆ ಕ್ರೀಮ್ ಕರವಸ್ತ್ರದಲ್ಲಿದೆ, ಮುಖದ ಮೇಲಿಲ್ಲ. ನಮ್ಮ ಕಡೆ ಒಣ ಹವೆ, ಬೆವರು ಆರಿ ಹೋಗುತ್ತದೆ. ಅಲ್ಲಿ ಆರುವುದಿಲ್ಲ, ಹರಿಯುತ್ತದೆ, ಕ್ರೀಮನ್ನೂ ಕರೆದುಕೊಂಡು ಹೋಗುತ್ತದೆ. ಅಂಕೋಲಾ ದಾಟಿದ ಮೇಲೆ ಹಚ್ಚಿ. ಬಿಸಿಲಿಗೆ ಇಳಿಯುವ 15–20 ನಿಮಿಷ ಮೊದಲು ಅಂದರೆ ಅದೇ ಸರಿಯಾದ ಹೊತ್ತು. ಟ್ಯೂಬನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಇಡಬೇಡಿ, ಕಾವಿಗೆ ಕೆಡುತ್ತದೆ.

ಹೋದ ಬೇಸಿಗೆಯಲ್ಲಿ ನವಲಗುಂದ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಮೊಮ್ಮಕ್ಕಳ ಜೊತೆ ಮುರ್ಡೇಶ್ವರಕ್ಕೆ ಹೋಗಿ ಬೆನ್ನು ಸುಟ್ಟುಕೊಂಡಿದ್ದರು. "ಹೊಲದಾಗ ದುಡಿದ ಮಂದಿ ನಾವು. ನಮಗ ಬಿಸಿಲು ಹೊಸದೇನ್ರಿ?" ಅಂದರು. ಅವರ ಮಾತು ನನಗೆ ಇಷ್ಟವಾಯಿತು, ಆದರೆ ಹೊಲದಲ್ಲಿ ಅವರು ಹೇಗಿರುತ್ತಾರೆ ಅಂತ ಕೇಳಿದೆ. ತಲೆಗೆ ರುಮಾಲು, ಮೈತುಂಬ ಅಂಗಿ, ನಡು ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ. ಕಡಲಲ್ಲಿ? ಬರಿ ಮೈ, ಮೊಣಕಾಲುದ್ದ ನೀರು, ಹನ್ನೆರಡು ಗಂಟೆ. ಕಪ್ಪು ಬಣ್ಣ ಒಂದಿಷ್ಟು ರಕ್ಷಣೆ ಕೊಡುತ್ತದೆ ನಿಜ, ಪೂರ್ತಿ ಕೊಡುವುದಿಲ್ಲ. ಬಿಸಿಲನ್ನು ಹೇಗೆ ನಿಭಾಯಿಸಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪ್ರವಾಸ ಅಂತ ಅದನ್ನು ಮನೆಯಲ್ಲಿ ಬಿಟ್ಟು ಹೋಗಿದ್ದರು, ಅಷ್ಟೇ.

ಕಡಲಲ್ಲಿ ಗಾಳಿ ತಂಪು, ನೀರು ತಂಪು. ಹಾಗಾಗಿ ಬಿಸಿಲು ಇದೆ ಅಂತಲೇ ಅನಿಸುವುದಿಲ್ಲ. ಚರ್ಮ ಸುಡುವುದು ನೇರಳಾತೀತ ಕಿರಣ, ಅದಕ್ಕೂ ಸೆಕೆಗೂ ಸಂಬಂಧವಿಲ್ಲ. ಒಣ ಮರಳು ಆ ಕಿರಣದ ಸುಮಾರು 15 ಪ್ರತಿಶತವನ್ನು ಹಿಂದಕ್ಕೆ ಎಸೆಯುತ್ತದೆ, ಅಲೆಯ ನೊರೆ ಸುಮಾರು 25. ಅದಕ್ಕೇ ಛತ್ರಿ ಕೆಳಗೆ ಕೂತವರ ಗದ್ದವೂ ಕಪ್ಪಾಗುವುದು. ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಕಂಡರೆ ದಂಡೆ ಬಿಟ್ಟು ಬನ್ನಿ. ಊಟ, ನಿದ್ದೆ, ದೇವಸ್ಥಾನ ಎಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಿ.

ಉಳಿದದ್ದು ಬೇಗ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಪಾರ್ಲರ್‌ನಲ್ಲಿ ಬ್ಲೀಚ್, ವ್ಯಾಕ್ಸಿಂಗ್ ಬೇಡ. ಮೊಡವೆಗೆ ಗುಳಿಗೆ ಅಥವಾ ರಾತ್ರಿ ಕ್ರೀಮ್ ನಡೆದಿದ್ದರೆ, ಬಿಪಿ ಗುಳಿಗೆ ಇದ್ದರೆ, ಹೋಗುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ. ಇವುಗಳಲ್ಲಿ ಕೆಲವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ನೀವಾಗೇ ನಿಲ್ಲಿಸಬೇಡಿ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಅವರು ಬಣ್ಣವಿರುವ ಸನ್‌ಸ್ಕ್ರೀನ್ ಕೇಳಿ ತೆಗೆದುಕೊಳ್ಳಲಿ. ಒಣಗಿದ ಒಳಬಟ್ಟೆ ಒಂದು ಜೊತೆ ಬೇರೆ ಚೀಲದಲ್ಲಿ ಕೈಗೆ ಸಿಗುವ ಹಾಗೆ ಇರಲಿ. ಒದ್ದೆ ಚಡ್ಡಿಯಲ್ಲೇ ನಾಲ್ಕು ತಾಸು ಕಾರಲ್ಲಿ ಕೂತು ಬಂದರೆ ತೊಡೆಸಂದಿ ತುರಿಕೆ, ಗಜಕರ್ಣಕ್ಕೆ ದಾರಿ.

ಲಿಂಬಿಹಣ್ಣಿನ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಗದಗದ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಕರೆತಂದಿದ್ದಳು. ಮಗುವಿನ ಮಣಿಕಟ್ಟಿನಿಂದ ಮೊಣಕೈವರೆಗೆ ಕಂದು ಗೆರೆಗಳು, ಯಾರೋ ಬರೆ ಎಳೆದ ಹಾಗೆ. ತಾಯಿ ಹೆದರಿ ಅಳುತ್ತಿದ್ದಳು. ಗೆರೆಗಳು ಏನೋ ಹರಿದು ಇಳಿದ ಆಕಾರದಲ್ಲಿದ್ದವು, ತುದಿಯಲ್ಲಿ ಹನಿಯಷ್ಟು ಅಗಲ. ಬೀಚಿನಲ್ಲಿ ಕೈಗೆ ಏನು ಹಿಡಿದಿತ್ತು ಅಂತ ಕೇಳಿದೆ. ಮನೆಯಿಂದ ಒಯ್ದ ಚುರಮುರಿಗೆ ಅಲ್ಲೇ ಗಿರ್ಮಿಟ್ ಕಲಸಿದ್ದರಂತೆ, ಲಿಂಬಿಹಣ್ಣು ಹಿಂಡುವ ಕೆಲಸ ಮಗಳದು. ಲಿಂಬೆ ರಸದಲ್ಲಿರುವ ಕೆಲವು ಅಂಶ ಚರ್ಮದ ಮೇಲೆ ಇದ್ದಾಗ ಬಿಸಿಲು ಬಿದ್ದರೆ ಹೀಗೆ ಸುಡುತ್ತದೆ. ಒಂದೆರಡು ದಿನ ಬಿಟ್ಟು ಕಾಣುತ್ತದೆ, ಹಾಗಾಗಿ ಯಾರಿಗೂ ನೆನಪಾಗುವುದಿಲ್ಲ. ಕಲೆ ಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಗಿರ್ಮಿಟ್ ತಿನ್ನಿ, ಕಲಸುವುದು ರೂಮಿನಲ್ಲಿ ಆಗಲಿ, ಹಿಂಡಿದ ಕೈ ಸಾಬೂನಿನಿಂದ ತೊಳೆಯಿರಿ.

ಊರಿಗೆ ಬಂದು ಕಪ್ಪು ತೆಗೆಯಲು ಅದೇ ಲಿಂಬೆ, ಕಡಲೆಹಿಟ್ಟು ಉಜ್ಜುವುದಂತೂ ಬೇಡವೇ ಬೇಡ. ಸುಟ್ಟ ಚರ್ಮಕ್ಕೆ ತಣ್ಣೀರ ಬಟ್ಟೆ, ಸಾದಾ ಮಾಯಿಶ್ಚರೈಸರ್, ಕುಡಿಯಲು ಜಾಸ್ತಿ ನೀರು. ಬಂದ ಕಪ್ಪು ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲಿ ತಾನೇ ಇಳಿಯುತ್ತದೆ. ಆ ತಾಳ್ಮೆ ಇಲ್ಲದೆ ಮೆಡಿಕಲ್ ಶಾಪಿನಲ್ಲಿ "ಮುಖ ಬೆಳ್ಳಗಾಗೋ ಕ್ರೀಮ್" ಕೇಳಿ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚುತ್ತಾರೆ. ಮೊದಲ ವಾರ ಹೊಳಪು ಬರುತ್ತದೆ. ದಿನ ಕಳೆದಂತೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಕೂದಲು ಎದ್ದು, ಬಿಟ್ಟರೆ ಉರಿ. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಕೈಗೆ ಸಿಗುತ್ತವೆ, ಜನ ಹಚ್ಚುತ್ತಾರೆ. ಕಡಲಲ್ಲಿ ಸುಟ್ಟ ಚರ್ಮವನ್ನು ಸರಿ ಮಾಡುವುದು ಸುಲಭ, ಈ ಮುಲಾಮಿನಿಂದ ಕೆಟ್ಟ ಮುಖಕ್ಕೆ ನಾವು ತಿಂಗಳುಗಟ್ಟಲೆ ಹೆಣಗಬೇಕಾಗುತ್ತದೆ.

ಗುಳ್ಳೆ ಎದ್ದರೆ, ಜ್ವರ, ವಾಂತಿ, ತಲೆಸುತ್ತು ಇದ್ದರೆ, ಸಣ್ಣ ಮಗುವಿನ ಮೈ ಸುಟ್ಟಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಗುಳ್ಳೆ ಒಡೆಯಬೇಡಿ. ನಡುವೆ ಏನಾದರೂ ಹಚ್ಚಿದ್ದರೆ ಮುಚ್ಚಿಡದೆ ಹೇಳಿ, ಅದರ ಡಬ್ಬಿಯನ್ನೂ ತನ್ನಿ. ಯಾರೂ ಬೈಯುವುದಿಲ್ಲ. ಏನು ಹಚ್ಚಿದ್ದೀರಿ ಅಂತ ಗೊತ್ತಾದರೆ ಔಷಧ ಬರೆಯುವವರಿಗೆ ಅರ್ಧ ಕೆಲಸ ಸಲೀಸು.