ಟೈಲ್ಸ್ ಏಳುವುದು ಮಾಲಿನ ತಪ್ಪಲ್ಲ

ಚಳಿ ಶುರುವಾದರೆ ಫೋನೂ ಶುರು. "ರಾತ್ರಿ ಹಾಲ್‌ನಲ್ಲಿ ಪಟಾರ್ ಅಂತ ಸದ್ದಾಯ್ತು ಸಾರ್, ನೋಡಿದ್ರೆ ಎರಡು ಸಾಲು ಟೈಲ್ಸ್ ಗುಡಾರದ ಹಾಗೆ ಎದ್ದು ನಿಂತಿದೆ. ಕಂಪನಿ ಮಾಲೇ ಸರಿ ಇಲ್ಲ, ಅಲ್ವಾ?" ಬಹುಪಾಲು ಮನೆಗಳಲ್ಲಿ ಮಾಲು ಸರಿಯಾಗೇ ಇರುತ್ತದೆ. 'ಸಂದೇ ಕಾಣಬಾರದು' ಎಂಬ ಹಟವೇ ಈ ಕೆಲಸ ಮಾಡಿರುತ್ತದೆ.

ಒಂದು ಡಿಗ್ರಿ ಸೆಲ್ಸಿಯಸ್ ಏರಿಳಿದರೆ ವಿಟ್ರಿಫೈಡ್ (ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ) ಟೈಲ್ಸ್ ತನ್ನ ಉದ್ದದ ಹತ್ತು ಲಕ್ಷಕ್ಕೆ 6–7 ಪಾಲು ಹಿಗ್ಗಿ ಕುಗ್ಗುತ್ತದೆ, ಕೆಳಗಿನ ಕಾಂಕ್ರೀಟು ಸುಮಾರು 10 ಪಾಲು. ಚಳಿಗೆ ಕಾಂಕ್ರೀಟು ಹೆಚ್ಚು ಕುಗ್ಗಿ ಟೈಲ್ಸನ್ನು ಒತ್ತುತ್ತದೆ. ಇದಕ್ಕಿಂತ ದೊಡ್ಡದು ಹೊಸ ಕಾಂಕ್ರೀಟು ಒಣಗುವಾಗ ಕುಗ್ಗುವುದು: ಶೇ. 0.04 ಎಂದು ಹಿಡಿದರೆ 6 ಮೀಟರ್ ಹಾಲ್‌ಗೆ 2.4 ಮಿ.ಮೀ. ಒಳಗಿನ ಉಕ್ಕಿನ ಕಂಬಿ ಬಿಗಿಯಾಗಿ ಹಿಡಿದಲ್ಲಿ ಕಡಿಮೆಯಾದೀತು, ಸೊನ್ನೆಯಂತೂ ಆಗದು. 2018ರ ಜನವರಿಯಲ್ಲಿ ಸಿಂಗಪುರದಲ್ಲಿ ತಾಪಮಾನ 22 ಡಿಗ್ರಿ ಆಸುಪಾಸಿಗೆ ಇಳಿದದ್ದಕ್ಕೇ ಸರ್ಕಾರಿ ವಸತಿ ಕಟ್ಟಡಗಳಿಂದ ಟೈಲ್ಸ್ ಎದ್ದ ದೂರುಗಳು ರಾಶಿ ಬಿದ್ದವು.

"3 ಮಿ.ಮೀ. ಸ್ಪೇಸರ್ ಹಾಕಿಸಿದ್ದೀವಲ್ಲ" ಎನ್ನುವವರಿಗೆ ಎಷ್ಟು ಸಲ ಹೇಳಿದರೂ ಸಾಲದು: ಟೈಲ್ಸ್ ನಡುವೆ ಸಂದು ಬಿಡಿಸುವ ಸ್ಪೇಸರ್ ತುಂಡು ಬೇಕು, ಆದರೆ ಸಿಮೆಂಟ್ ಗ್ರೌಟ್ (ಸಂದು ಮುಚ್ಚುವ ನುಣ್ಣನೆಯ ಗಾರೆ) ತುಂಬಿದ ಸಂದು ಹಿಗ್ಗಲು ಬಿಟ್ಟ ಜಾಗವಲ್ಲ. ಗ್ರೌಟ್ ಗಟ್ಟಿಯಾದ ಮೇಲೆ ಇಡೀ ನೆಲ ಒಂದೇ ಹಲಗೆ. ಆ ಹಲಗೆ ನಾಲ್ಕೂ ಗೋಡೆಗೆ ತಾಗಿದ್ದರೆ ಮೇಲಕ್ಕೆ ಏಳದೆ ದಾರಿಯಿಲ್ಲ. ಗೋಡೆಯುದ್ದಕ್ಕೂ, ಕಂಬದ ಸುತ್ತಲೂ 6–10 ಮಿ.ಮೀ. ಖಾಲಿ ಇರಲಿ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ, ಯಾರಿಗೂ ಕಾಣದು. ಮೇಸ್ತ್ರಿ ಅದರೊಳಕ್ಕೆ ಗಾರೆ ತುರುಕಿ 'ಗಟ್ಟಿ ಮಾಡಿದ್ದೀನಿ' ಅಂದರೆ ಕೆರೆದು ತೆಗೆಸಿ. ಮನೆಯೊಳಗೆ 20–25 ಅಡಿಗೊಂದು, ಬಿಸಿಲು ಬೀಳುವ ತಾರಸಿಯಲ್ಲಿ 8–12 ಅಡಿಗೊಂದು ಸಂದಿಗೆ ಗ್ರೌಟ್ ಬದಲು ರಬ್ಬರಿನಂತೆ ಬಳುಕುವ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ.

ಎದ್ದ ಟೈಲ್ಸನ್ನು ಮಗುಚಿ ನೋಡಿ. ಬೆನ್ನು ಪೆಟ್ಟಿಗೆಯಿಂದ ಈಗಷ್ಟೇ ತೆಗೆದಂತೆ ಚೊಕ್ಕಟವಾಗಿದ್ದು, ಏಣುಗಳ ಮೇಲೆ ಬಿಳಿ ಪುಡಿ ಉಳಿದಿದ್ದರೆ ಆ ಟೈಲ್ಸ್ ನೆಲಕ್ಕೆ ಅಂಟಿಯೇ ಇರಲಿಲ್ಲ. ಸುಡುವ ಗೂಡಿನ ರೋಲರ್‌ಗೆ ಟೈಲ್ಸ್ ಹಿಡಿಯದಿರಲಿ ಎಂದು ಕಾರ್ಖಾನೆಯಲ್ಲಿ ಆ ಲೇಪ ಹಚ್ಚುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಅಂಟಿಸಬೇಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಸ್ಲರಿಗೆ (ನೀರಲ್ಲಿ ಕಲಸಿದ ಸಿಮೆಂಟಿಗೆ) ಹಿಡಿತ ಸಿಗದು. ಟೈಲ್ಸ್ ಅಂಟಿನ ಭಾರತೀಯ ಮಾನಕ ಐಎಸ್ 15477ರ ಗುರುತಿರುವ ಅಂಟು ತಂದು, ಹಲ್ಲಿನ ಕರಣೆಯಿಂದ ನೆಲಕ್ಕೆ ಎಳೆದು, ದೊಡ್ಡ ಟೈಲ್ಸ್ ಆದರೆ ಬೆನ್ನಿಗೂ ತೆಳ್ಳಗೆ ಬಳಿಸಿ.

ಎದ್ದ ಮೇಲೆ ಸಂದಿನಲ್ಲಿ ಸ್ಲರಿ ಸುರಿದು ಮರಳುಮೂಟೆ ಹೇರುವವರಿದ್ದಾರೆ, ಬೇಡ. ಸುತ್ತಲಿನದನ್ನೆಲ್ಲ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದವನ್ನು ತೆಗೆಸಿ. ಸ್ಕರ್ಟಿಂಗ್ ಬಿಚ್ಚಿ ಗೋಡೆಯಂಚಿನ ಟೈಲ್ಸನ್ನು ಗ್ರೈಂಡರ್‌ನಿಂದ 8 ಮಿ.ಮೀ. ಕೊಯ್ಯಿಸಿ, ಆಮೇಲಷ್ಟೇ ಹೊಸದನ್ನು ಕೂರಿಸಿ. ಅಡಿಯ ಕಾಂಕ್ರೀಟೇ ಬಿರುಕು ಬಿಟ್ಟಿದ್ದರೆ ಮೊದಲು ಎಂಜಿನಿಯರನ್ನು ಕರೆಸಿ.