ಕಾವೇರಿಗೆ ಮೀನುಮರಿ ಬಿಡುವ ಮುಂಚೆ, ಯಾವ ಮೀನು ಅಂತ ಕೇಳಿ

ಮಳೆಗಾಲ ಶುರುವಾದರೆ ಸಾಕು, ಒಂದೇ ಥರದ ಫೋನ್‌ಗಳು. "ಸರ್, ಕಾವೇರಿಗೆ ಮಹಶೀರ್ ಮರಿ ಬಿಡೋಣ ಅಂತಿದ್ದೀವಿ, ಎಲ್ಲಿ ಸಿಗುತ್ತೆ?" ಕೇಳುವವರು ಒಳ್ಳೆಯ ಜನ. ರೆಸಾರ್ಟ್ ನಡೆಸುವವರು, ದೇವಸ್ಥಾನದ ಸಮಿತಿಯವರು, ತೀರಿಕೊಂಡ ತಂದೆಯ ನೆನಪಿಗೆ ಏನಾದರೂ ಮಾಡಬೇಕು ಅಂತ ಹೊರಟ ಮಕ್ಕಳು. ಕೈಯಿಂದ ದುಡ್ಡು ಹಾಕಿ ಮಾಡಲು ಬಂದವರಿಗೆ ಬೇಡ ಅನ್ನೋದು ಕಷ್ಟ. ಆದರೂ ಬೇಡ ಅಂತಲೇ ಹೇಳುತ್ತೇನೆ. ಮುಂದಿನ ವರ್ಷ ಇನ್ಯಾರೋ ಅದನ್ನೇ ಕೇಳುತ್ತಾರೆ. ಅದಕ್ಕೇ ಈ ಸಲ ಬರೆದೇಬಿಡುತ್ತಿದ್ದೇನೆ.

ಕೆರೆಗೆ ಕಾಟ್ಲಾ, ರೋಹು ಬಿಡುವ ವಿಷಯ ಅಲ್ಲ ಇದು. ಅದು ಸಾಕಿ, ಹಿಡಿದು, ತಿನ್ನುವ ಮೀನು. ನಾನು ಹೇಳುತ್ತಿರುವುದು ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಬೆಳೆಯುವ, ಈಗ ಅಳಿವಿನ ಅಂಚಿಗೆ ಬಂದಿರುವ ಮೀನಿನ ಬಗ್ಗೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮಹಶೀರ್ ಅಂದರೆ ಒಂದೇ ಮೀನಲ್ಲ. ಕಾವೇರಿಯ ಸ್ವಂತ ಮಹಶೀರ್‌ಗೆ ಕಿತ್ತಳೆ ಬಣ್ಣದ ರೆಕ್ಕೆ, ತಲೆಯ ಹಿಂದಿನಿಂದಲೇ ಏಳುವ ಗೂನುಬೆನ್ನು. ಟಾರ್ ರೆಮಾದೇವಿ ಅಂತ ಅದರ ವೈಜ್ಞಾನಿಕ ಹೆಸರು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ಅವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮೀನು. ಜಗತ್ತಿಗೇ ಗೊತ್ತಿದ್ದ ಈ ಮೀನು ಯಾವ ಪ್ರಭೇದ ಅನ್ನೋದು ವಿಜ್ಞಾನಿಗಳಿಗೆ ಖಚಿತವಾಗಿದ್ದೇ 2018ರಲ್ಲಿ. ಅದೇ ವರ್ಷ, ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು, ನೀಲಿ ರೆಕ್ಕೆಯ ಟಾರ್ ಖುದ್ರೀ. ಇದು ಕೃಷ್ಣಾ ಕಡೆಯ ನದಿಗಳ ಮೀನು. 1970ರ ದಶಕದಲ್ಲಿ ಲೋಣಾವಳದ ಟಾಟಾ ಎಲೆಕ್ಟ್ರಿಕ್ ಕಂಪನಿಯ ಕೇಂದ್ರದಲ್ಲಿ ಇದರ ಮರಿ ಮಾಡಿಸುವುದನ್ನು ಕಲಿತರು. ದೊಡ್ಡ ಕೆಲಸ ಅದು, ಉದ್ದೇಶವೂ ಒಳ್ಳೆಯದೇ. ಆಮೇಲೆ ಮರಿಗಳು ಎಷ್ಟೋ ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ಕಮ್ಮಿಯಾಗಿದೆ, ಮಹಶೀರ್ ಬಿಡೋಣ, ಅಷ್ಟೇ ಲೆಕ್ಕ.

ಏನಾಯಿತು ಅನ್ನೋದಕ್ಕೆ ದಾಖಲೆ ಇದೆ. ಕಾವೇರಿ ದಡದ ಗಾಲಿಬೋರೆಯ ಕ್ಯಾಂಪಿನಲ್ಲಿ ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ವರ್ಷಗಳಲ್ಲಿ ಗಾಳಕ್ಕೆ ಸಿಗುವ ಮಹಶೀರ್‌ಗಳ ಸಂಖ್ಯೆ ಏರಿದೆ. ಇಲ್ಲೇ ಎಲ್ಲರೂ ಎಡವುವುದು. "ನೋಡಿ ಸರ್, ಮೀನು ಜಾಸ್ತಿಯಾಗಿದೆಯಲ್ಲ!" ಹೌದು, ಜಾಸ್ತಿಯಾಗಿದ್ದು ನೀಲಿ ರೆಕ್ಕೆಯದು, ಅದೂ ಸಣ್ಣ ಗಾತ್ರದ್ದು. ಕಿತ್ತಳೆ ರೆಕ್ಕೆಯದು ಅದೇ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಿದೆ. ಎರಡನ್ನೂ ಕೂಡಿಸಿ ಒಟ್ಟು ಲೆಕ್ಕ ನೋಡಿದರೆ ಖುಷಿಯಾಗುತ್ತದೆ, ಬಿಡಿಸಿ ನೋಡಿದರೆ ಕಾವೇರಿಯ ಮೀನು ಕಾವೇರಿಯಲ್ಲೇ ಇಲ್ಲವಾಗುತ್ತಿದೆ. ನೀವು ತರುವ ಮರಿ ನೀಲಿ ರೆಕ್ಕೆಯದಾದರೆ, ನೀವು ಉಳಿಸಲು ಹೊರಟ ಮೀನಿನ ಜಾಗವನ್ನೇ ಇನ್ನೊಂದಕ್ಕೆ ಬಿಟ್ಟುಕೊಟ್ಟ ಹಾಗೆ.

ಎಲ್ಲ ತಪ್ಪನ್ನೂ ನೀಲಿ ರೆಕ್ಕೆಯ ಮೇಲೆ ಹೊರಿಸಲು ನಾನು ತಯಾರಿಲ್ಲ. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು ಎಲ್ಲವೂ ಸೇರಿಕೊಂಡಿವೆ. ಯಾವುದರ ಪಾಲು ಎಷ್ಟು ಅಂತ ಅಳೆದು ಹೇಳುವುದು ಕಷ್ಟ. ಎರಡು ಜಾತಿ ಬೆರಕೆಯಾಗುವ ಭಯವೂ ಇದೆ. ಒಂದಂತೂ ಖರೆ, ಒಮ್ಮೆ ಹೊಳೆಗೆ ಬಿಟ್ಟ ಮೀನನ್ನು ವಾಪಸ್ ಕರೆಸಲು ಆಗುವುದಿಲ್ಲ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಬೆಳ್ಳಿಮರಿಗಳು ಒಂದರ ಮೇಲೊಂದು ಹೊರಳಾಡುವಾಗ, ಯಾವ ಜಾತಿ ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ಕ್ಯಾಂಪಿನಲ್ಲಿ ಹರಿಗೋಲು ಹಾಕುತ್ತಿದ್ದ ಒಬ್ಬ ಹಿರಿಯರ ಜೊತೆ ನಾನು ಹೊಳೆಯಲ್ಲಿ ಓಡಾಡಿದ್ದೇನೆ. ವಯಸ್ಸಿನಲ್ಲಿದ್ದಾಗ ಕದ್ದು ಮೀನು ಹೊಡೆದವರು, ಆಮೇಲೆ ಅದೇ ಹೊಳೆಯ ಕಾವಲಿಗೆ ನಿಂತವರು. ಗಾಳಕ್ಕೆ ರಾಗಿ ಮುದ್ದೆ ಹದಮಾಡಿ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮೀನು ಒಮ್ಮೆ ಮಗುಚಿ ಬಾಲ ತೋರಿಸಿದರೆ ಸಾಕು, "ಬಿಡಿ ಸಾರ್, ಇದು ನಮ್ದಲ್ಲ" ಅನ್ನುತ್ತಿದ್ದರು. 2012ರಲ್ಲಿ, ಕ್ಯಾಂಪ್ ಇದ್ದ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ನಾನು ವಕೀಲನಲ್ಲ. ಆದರೆ ಅವರಂಥವರ ಕೆಲಸವೂ ಹೋಯಿತು, ದಿನದಿನದ ಆ ಲೆಕ್ಕವೂ ನಿಂತಿತು. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಹಾಗಾದರೆ ಮರಿ ಬಿಡದೆ ಮೀನು ಹೆಚ್ಚುವುದು ಹೇಗೆ ಅಂತ ಕೇಳುತ್ತಾರೆ. ಅವರಿಗೆ ನಾನು ಎರಡನೇ ಮಹಾಯುದ್ಧದ ಕಥೆ ಹೇಳುತ್ತೇನೆ. ಯುದ್ಧದ ತಿರುವು ಅಂದರೆ ನಾವು ಸ್ಟಾಲಿನ್‌ಗ್ರಾಡ್ ಅನ್ನುತ್ತೇವೆ. ಇಲ್ಲವೇ ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮೆರೀನುಗಳು ಹಿಂದೆ ಸರಿದ 1943ರ ಮೇ ತಿಂಗಳು ಅನ್ನುತ್ತೇವೆ. ಉತ್ತರ ಸಮುದ್ರದ ಮೀನುಗಳಿಗೆ ತಿರುವು ಬಂದದ್ದು 1939ರಲ್ಲೇ. ಬ್ರಿಟನ್ನಿನ ನೌಕಾಪಡೆ ಮೀನುಗಾರಿಕೆಯ ಟ್ರಾಲರ್‌ಗಳನ್ನು, ಅಂದರೆ ಬಲೆ ಎಳೆಯುವ ದೊಡ್ಡ ದೋಣಿಗಳನ್ನು, ತೆಗೆದುಕೊಂಡು ಸಮುದ್ರದಲ್ಲಿ ಇಟ್ಟ ಸಿಡಿಗುಂಡುಗಳನ್ನು (ಮೈನ್) ಹುಡುಕಲು ಕಳಿಸಿತು. ಉಳಿದವರಿಗೆ ಬಾಂಬಿನ ಭಯ. ಸಮುದ್ರದ ಬಹುಭಾಗದಲ್ಲಿ ಬಲೆ ಬೀಳುವುದೇ ತೀರಾ ಕಮ್ಮಿಯಾಯಿತು. ಅಲ್ಲಿಗೆ ಯಾರೂ ಮರಿ ತಂದು ಸುರಿಯಲಿಲ್ಲ. ಆದರೂ 1945ರ ನಂತರ ದೋಣಿಗಳು ಮತ್ತೆ ಹೊರಟಾಗ ಕಾಡ್, ಹ್ಯಾಡಕ್, ಪ್ಲೇಸ್ ಮೀನುಗಳು ಯುದ್ಧಕ್ಕೆ ಮುಂಚಿಗಿಂತ ಹೆಚ್ಚು ಸಿಕ್ಕವು, ಗಾತ್ರವೂ ದೊಡ್ಡದಿತ್ತು. ಮೊದಲ ಮಹಾಯುದ್ಧದ ನಂತರವೂ ಹೀಗೇ ಆಗಿತ್ತು. ಅದನ್ನು ಕಂಡಿದ್ದ ದೇಶಗಳು ಈ ಸಲ 1946ರಲ್ಲೇ ಲಂಡನ್ನಿನಲ್ಲಿ ಸೇರಿ, ಬಲೆಯ ಕಣ್ಣು ಎಷ್ಟು ಅಗಲ ಇರಬೇಕು, ಎಷ್ಟು ಸಣ್ಣ ಮೀನು ಹಿಡಿಯಬಾರದು ಅಂತ ಒಪ್ಪಂದ ಮಾಡಿಕೊಂಡವು. ಅಷ್ಟಾದರೂ ಹಿಡಿಯುವ ಭರ ತಡೆಯಲಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಯುದ್ಧ ಕೊಟ್ಟ ಲಾಭ ಕರಗಿತು.

ಕಡಲಿಗೂ ಹೊಳೆಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಮಹಶೀರ್ ಮಳೆಗಾಲದಲ್ಲಿ ನೀರಿಗೆ ಎದುರಾಗಿ ಮೇಲೆ ಹತ್ತಬೇಕು, ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಇಡಬೇಕು. ದಾರಿಯಲ್ಲಿ ಅಣೆಕಟ್ಟು ಇದ್ದರೆ, ಆ ಕಲ್ಲುಗಳನ್ನೇ ಲಾರಿಗೆ ತುಂಬಿಸಿಬಿಟ್ಟಿದ್ದರೆ, ಬಲೆ ನಿಲ್ಲಿಸಿದ ಮಾತ್ರಕ್ಕೆ ಸಾಲದು. ಆದರೂ ಮೊದಲ ಕೆಲಸ ಅದೇ. ರಾಮನಾಥಪುರದಲ್ಲಿ ದೇವರ ಮೀನು ಅಂತ ಹಿಡಿಯದೆ ಬಿಟ್ಟ ಒಂದು ತುಂಡು ಕಾವೇರಿ ಈಗಲೂ ಇದೆ. ಅದಕ್ಕೂ ಕಾವಲು ಬೇಕು. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತದ್ದು ಆ ಕಡೆಯವರಿಗೆ ಇನ್ನೂ ನೆನಪಿದೆ.

ಹಾಗಾಗಿ ಮರಿಗೆ ಇಟ್ಟ ದುಡ್ಡನ್ನು ಮಳೆಗಾಲದ ನಾಲ್ಕು ತಿಂಗಳು ರಾತ್ರಿ ಕಾವಲಿಗೆ ಕೊಡಿ. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯನ್ನು ಕೇಳದೆ ಏನನ್ನೂ ಮಾಡಬೇಡಿ. ಮರಿ ಬಿಟ್ಟೇ ತೀರಬೇಕು ಅನ್ನುವವರು, ಇದರ ತಾಯಿಮೀನು ಯಾವ ಹೊಳೆಯದ್ದು ಅಂತ ಕೊಡುವವರಿಂದ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಚೀಲ ವಾಪಸ್ ಕಳಿಸಿ. ಇನ್ನೊಂದು ಕೆಲಸ ಇದೆ, ಅದಕ್ಕೆ ದುಡ್ಡೂ ಬೇಡ. ನಿಮ್ಮ ಅಜ್ಜನೋ ಮಾವನೋ ಕಾವೇರಿ, ಕಬಿನಿ, ಹೇಮಾವತಿ ದಡದಲ್ಲಿ ದೊಡ್ಡ ಮೀನು ಎತ್ತಿ ಹಿಡಿದು ತೆಗೆಸಿಕೊಂಡ ಹಳೇ ಫೋಟೊ ಮನೆಯಲ್ಲಿದ್ದರೆ ಎಸೆಯಬೇಡಿ. ಹಿಂದುಗಡೆ ಜಾಗ, ವರ್ಷ ಬರೆದಿಡಿ. ಫೋಟೊ ಕಪ್ಪುಬಿಳುಪಿನದಾದರೂ ಗೂನುಬೆನ್ನು ಕಾಣುತ್ತದೆ. ಎಲ್ಲೆಲ್ಲಿ ಈ ಮೀನು ಇತ್ತು ಅಂತ ಗುರುತು ಹಾಕಲು ನಮ್ಮಂಥವರಿಗೆ ಅದು ತುಂಬ ಬೇಕು.