ಆಲಿಕೆಯ ಸಭೆ: ಬೇಡ್ತಿಯಿಂದ ಶರಾವತಿಯವರೆಗೆ

ಪತ್ರಿಕೆಯ ಒಳಪುಟದಲ್ಲಿ ಆಗಾಗ ಸಣ್ಣಕ್ಷರದ ಒಂದು ಪ್ರಕಟಣೆ ಕಾಣುತ್ತದೆ. ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’ ಎಂಬ ತಲೆಬರಹ, ಯೋಜನೆಯ ಹೆಸರು, ಸರ್ವೆ ನಂಬರುಗಳ ಸಾಲು, ದಿನ, ಹೊತ್ತು, ಜಾಗ. ಊರಿನವರು ಇದನ್ನು ಅಹವಾಲು ಸಭೆ ಅನ್ನುತ್ತಾರೆ. ಜಗಳದ ಅರ್ಧಪಾಲು ಈ ಎರಡು ಹೆಸರುಗಳ ನಡುವೆಯೇ ಇದೆ. ಅಹವಾಲು ಕೊಟ್ಟವನು ಪರಿಹಾರಕ್ಕೆ ಕಾಯುತ್ತಾನೆ. ಆಲಿಕೆ ಅಂದರೆ ಕಿವಿಗೊಡುವುದು, ಅಷ್ಟೇ. ಕಾನೂನು ಮಾತು ಕೊಟ್ಟಿರುವುದು ಕಿವಿಗೊಡುವುದಕ್ಕೆ.

2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಗೆ ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ಇಂಥ ಸಭೆಗಳು ನಡೆದವು. ವಿರೋಧ ಜೋರಾಗಿಯೇ ಇತ್ತು. ಆಮೇಲೆ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ಜನ ಬೇಡ ಅಂದಮೇಲೂ ಕಡತ ಮುಂದೆ ಹೋಗುವುದು ಹೇಗೆ? ಹೋಗುತ್ತದೆ, ಯಾಕೆಂದರೆ ಅದು ಮತದಾನವಲ್ಲ. ಅದು ಹೀಗೇಕಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ 1970ರಲ್ಲಿ ಪರಿಸರ ಪರಿಣಾಮದ ವರದಿ ಕಡ್ಡಾಯವಾಯಿತು. ನಮ್ಮಲ್ಲಿ ಎಪ್ಪತ್ತರ ದಶಕದ ನಡುವೆ ನದಿ ಕಣಿವೆ ಯೋಜನೆಗಳಿಗೆ ಇಲಾಖೆಯೊಳಗಿನ ಪರಿಶೀಲನೆ ಶುರುವಾಗಿ, ಭೋಪಾಲ್ ದುರಂತದ ಬೆನ್ನಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದು, 1992ರ ರಿಯೊ ಘೋಷಣೆ ‘ಜನರಿಗೆ ಮಾಹಿತಿ, ನಿರ್ಧಾರದಲ್ಲಿ ಪಾಲು’ ಎಂದ ಮೇಲೆ, 1994ರ ಜನವರಿಯಲ್ಲಿ ಪರಿಸರ ಪರಿಣಾಮದ ವರದಿಯನ್ನು ಕಡ್ಡಾಯ ಮಾಡಿದ ಮೊದಲ ಅಧಿಸೂಚನೆ ಹೊರಬಿತ್ತು. ಇದು ದೆಹಲಿಯ ಕಥೆ.

ಕರ್ನಾಟಕದ ಕಥೆ ಅದಕ್ಕೂ ಮೊದಲೇ ಶಿರಸಿಯಲ್ಲಿ ಶುರುವಾಗಿತ್ತು. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಿಕೆ ಬೆಳೆಗಾರರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಮನವಿ ಬರೆದರು. ಆಮೇಲೆ ಮಾಡಿದ್ದು ಬೇರೆ. ಅವರದೇ ಸಂಸ್ಥೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಮುಂದೆ ನಿಂತು ಯೋಜನೆಯ ಲಾಭ-ನಷ್ಟದ ಲೆಕ್ಕವನ್ನೇ ಮರುಪರಿಶೀಲನೆಗೆ ತೆಗೆದುಕೊಂಡಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಎಂಜಿನಿಯರುಗಳು ಒಂದು ಕಡೆ. ತೋಟದಿಂದ ನೇರ ಬಂದವರು ಇನ್ನೊಂದು ಕಡೆ. ಅಲ್ಲಿ ಕೈ ಬದಲಾದ ತಿಳಿವಳಿಕೆ ಎರಡೂ ದಿಕ್ಕಿನದು. ಮುಳುಗಡೆಯ ನಕ್ಷೆ ಓದುವುದನ್ನು ಬೆಳೆಗಾರರು ಕಲಿತರು. ನಕ್ಷೆಯಲ್ಲಿ ಇಲ್ಲದ್ದನ್ನು ಹೊರಗಿನಿಂದ ಬಂದವರು ಕಲಿತರು. ಉದಾಹರಣೆಗೆ ಸೊಪ್ಪಿನ ಬೆಟ್ಟ. ನೀರು ತೋಟದ ತನಕ ಬರದಿದ್ದರೂ ಬೆಟ್ಟ ಹೋದರೆ ತೋಟ ಉಳಿಯುವುದಿಲ್ಲ, ಯಾಕೆಂದರೆ ಅಡಿಕೆ ಮರದ ಬುಡಕ್ಕೆ ಬೀಳುವ ಸೊಪ್ಪು ಅಲ್ಲಿಂದಲೇ ಬರಬೇಕು. ತೋಟದವನಿಗೆ ಇದು ಹೇಳುವ ಮಾತೇ ಅಲ್ಲ, ಲೆಕ್ಕ ಹಾಕುವವನಿಗೆ ಹೊಸ ಕಾಲಂ.

ಆ ಯೋಜನೆ ಮೂಲೆಗೆ ಸರಿಯಿತು. ಹಿಂದೆ ಲಿಂಗನಮಕ್ಕಿಯ ಮುಳುಗಡೆಯಲ್ಲಿ ಎದ್ದುಹೋದವರ ಪಾಡು ಮಲೆನಾಡಿನ ಕಣ್ಣೆದುರಿಗಿತ್ತು. ಆ ಭಯವೂ ಜನರನ್ನು ಒಂದು ಮಾಡಿತು. ಆದರೂ ಬೇಡ್ತಿಯಲ್ಲಿ ಗೆದ್ದದ್ದು ಹೆಚ್ಚಾಗಿ ಕಾಗದ ಓದುವ ತಾಳ್ಮೆ ಎಂದೇ ನನಗೆ ಅನ್ನಿಸುತ್ತದೆ. ಜನರ ಮಾತು ಕೇಳಬೇಕು ಎಂಬ ಕಾನೂನು ಆಗ ಇರಲಿಲ್ಲ. ಕೇಳಿಸಿಕೊಳ್ಳದೆ ವಿಧಿಯಿಲ್ಲ ಎಂಬ ಹಾಗೆ ಅವರು ಸಿದ್ಧರಾಗಿ ಬಂದಿದ್ದರು.

1983ರಲ್ಲಿ ಮರ ಅಪ್ಪಿಕೊಂಡು ಕಡಿತ ತಡೆದ ಸಲ್ಕಣಿಯ ಅಪ್ಪಿಕೊ ಚಳವಳಿ, 1987ರಲ್ಲಿ ನೀಲಗಿರಿ ಸಸಿ ಕಿತ್ತ ಕುಸನೂರು ಸತ್ಯಾಗ್ರಹ, ಆ ಹೊತ್ತಿಗೇ ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟ. ಪ್ರತಿಯೊಂದಕ್ಕೂ ಅದರದೇ ದೊಡ್ಡ ಕಥೆ ಇದೆ, ಇಲ್ಲಿ ಜಾಗವಿಲ್ಲ. ಇವೆಲ್ಲ ಬೀದಿಯಲ್ಲಿ, ಕಾಡಿನಲ್ಲಿ ನಡೆದವು. ಕುರ್ಚಿ ಹಾಕಿ ಕೂರಿಸಿ ‘ಹೇಳಿ’ ಅನ್ನುವ ಏರ್ಪಾಡು ಆಗಲೂ ಇರಲಿಲ್ಲ.

ಕುರ್ಚಿ ಬಂದದ್ದು 1997ರ ಏಪ್ರಿಲ್ 10ರಂದು. 1994ರ ಅಧಿಸೂಚನೆಗೆ ಅಂದು ಬಂದ ತಿದ್ದುಪಡಿ ಅಹವಾಲು ಸಭೆಯನ್ನು ಕಡ್ಡಾಯ ಮಾಡಿತು. ವೇದಿಕೆಯ ಸಮಿತಿಯಲ್ಲಿ ಜಿಲ್ಲಾಧಿಕಾರಿ ಮತ್ತು ಇಲಾಖೆಗಳವರ ಜೊತೆ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಗೂ ಊರ ಹಿರಿಯರಿಗೂ ಸ್ಥಾನವಿತ್ತು. ಆರಂಭದ ವರ್ಷಗಳಲ್ಲಿ ಇದು ಹರಿತವಾದ ಅಸ್ತ್ರವೇ ಆಗಿತ್ತು. 2000ದಲ್ಲಿ ಕಾಳಿ ನದಿಗೆ ದಾಂಡೇಲಿಯಲ್ಲಿ ಅಣೆಕಟ್ಟು ಕಟ್ಟುವ ಪ್ರಸ್ತಾವದ ಪರಿಸರ ವರದಿಯನ್ನು ಕಾರ್ಯಕರ್ತರು ಸಾಲು ಸಾಲಾಗಿ ಓದಿದಾಗ, ಅದರ ದೊಡ್ಡ ಭಾಗ ತಟ್ಟಿಹಳ್ಳ ಯೋಜನೆಗೆಂದು ಬೇರೊಬ್ಬರು ಬರೆದಿದ್ದ ವರದಿಯ ನಕಲು ಎಂದು ಬಯಲಾಯಿತು. ವರದಿ ಸಾರ್ವಜನಿಕರ ಕೈಗೆ ಸಿಗದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಇವತ್ತಿಗೂ ಆಧಾರ. ಅದರಲ್ಲಿ ಒಳ್ಳೆಯ ಸಂಗತಿಗಳಿವೆ: 30 ದಿನ ಮೊದಲೇ ನೋಟಿಸ್, ಇಡೀ ಸಭೆಯ ವಿಡಿಯೊ, ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು. ಊರ ಹಿರಿಯರಿದ್ದ ಸಮಿತಿ ಮಾತ್ರ ಹೋಯಿತು. ಜಿಲ್ಲಾಧಿಕಾರಿ ಅಥವಾ ಅವರು ಕಳಿಸಿದ ಅಧಿಕಾರಿಯ ಅಧ್ಯಕ್ಷತೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಏರ್ಪಾಡು. ಕೋರಂ ಬೇಕಿಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ. ವರದಿ ಬರೆಯುವ ಸಲಹೆಗಾರರನ್ನು ನೇಮಿಸಿ ಹಣ ಕೊಡುವವರು ಯೋಜನೆ ತರುವವರೇ. ಮತ್ತು ಮುಖ್ಯವಾದದ್ದು, ನೂರಾರು ಪುಟದ ಪೂರ್ತಿ ವರದಿ ಇಂಗ್ಲಿಷಿನಲ್ಲಿದ್ದರೆ ಸಾಕು, ಕನ್ನಡಕ್ಕೆ ಬರಬೇಕಾದ್ದು ಸಾರಾಂಶ ಮಾತ್ರ.

ಆ ಸಾರಾಂಶದ ಕನ್ನಡ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಗಣಿಯೊಂದರ ಸಭೆಗೆ ನಾನು ಹೋಗಿದ್ದೆ. ಶಾಮಿಯಾನ, ಎರಡು ಕಂಬಕ್ಕೆ ಎರಡು ಧ್ವನಿವರ್ಧಕ, ಬಾಗಿಲಲ್ಲಿ ಸಹಿ ಪುಸ್ತಕ. ಒಂದೇ ಬಣ್ಣದ ಟೋಪಿ ಹಾಕಿಕೊಂಡವರು ವ್ಯಾನಿನಿಂದ ಇಳಿದು ಮುಂದಿನ ಸಾಲು ಹಿಡಿದರು. ಹಿಂದೆ ಕೂತಿದ್ದ ಒಬ್ಬ ಕೃಷಿಕರು ಸಾರಾಂಶದ ಜೆರಾಕ್ಸ್ ಪ್ರತಿಯಲ್ಲಿ ಬೆರಳಿಟ್ಟು ‘ಮೊದಲ ಶ್ರೇಣಿಯ ಚರಂಡಿ’ ಅನ್ನುವ ಮಾತನ್ನು ತೋರಿಸಿದರು. ತಮ್ಮೂರಲ್ಲಿ ಚರಂಡಿಯೇ ಇಲ್ಲವಲ್ಲ ಎಂದು ಅವರ ಗೊಂದಲ. ನಕ್ಷೆ ತಿರುಗಿಸಿ ನೋಡಿದಾಗ ಗೊತ್ತಾಯಿತು: ಅದು ಅವರ ಗದ್ದೆಗೆ ನೀರು ಕೊಡುವ ಹಳ್ಳ. ಇಂಗ್ಲಿಷಿನ ‘ಡ್ರೇನ್’ ಅನುವಾದಕರ ಕೈಯಲ್ಲಿ ಚರಂಡಿಯಾಗಿತ್ತು. ಚರಂಡಿಗೆ ಮಣ್ಣು ಬಿದ್ದರೆ ಯಾರು ಕೇಳುತ್ತಾರೆ?

ಇನ್ನೊಂದು ತಮಾಷೆ. ಗಣಿಯಂಥ ಯೋಜನೆಗಳ ಪರಿಸರ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಇದ್ದರೆ ಸಾಮಾನ್ಯವಾಗಿ ಸಾಕು. ಮಲೆನಾಡನ್ನು ಮಳೆಗಾಲ ಬಿಟ್ಟು ಅಳೆಯುವುದು ಅಂದರೆ ಜಾತ್ರೆ ಮುಗಿದ ಮೇಲೆ ಹೋಗಿ ಜನಸಂಖ್ಯೆ ಎಣಿಸಿದ ಹಾಗೆ. ಆಷಾಢದಲ್ಲಿ ಗುಡ್ಡದ ಯಾವ ಮಗ್ಗುಲಲ್ಲಿ ಜಲ ಏಳುತ್ತದೆ, ಯಾವ ದರೆ ಕುಸಿಯುತ್ತದೆ ಎಂಬುದು ಆ ಕೃಷಿಕರಿಗೆ ಬಾಯಿಪಾಠ. ಮೈಕ್ ಸಿಕ್ಕಿದಾಗ ಅವರು ಹೇಳಿದ್ದೂ ಅದನ್ನೇ, ಗಟ್ಟಿ ದನಿಯಲ್ಲಿ. ಬಂದ ಉತ್ತರ: ‘ದಾಖಲಿಸಿಕೊಂಡಿದ್ದೇವೆ.’

ದಾಖಲಾದದ್ದು ಮುಂದೆ ಪರಿಣತರ ಸಮಿತಿಗೆ ಹೋಗುತ್ತದೆ, ಎತ್ತಿದ ಪ್ರಶ್ನೆಗಳಿಗೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು. ಉತ್ತರ ಬರೆದರೆ ಸಾಕೋ, ಸರಿಯಾಗಿರಬೇಕೋ ಎಂಬ ತಕರಾರು ಹಸಿರು ನ್ಯಾಯಮಂಡಳಿಯ ಬಾಗಿಲ ತನಕ ಹೋದದ್ದುಂಟು.

ಒಪ್ಪಿಗೆಯನ್ನೇ ಕೇಳುವ ಬೇರೆ ದಾರಿಯೂ ಇದೆ. ಅರಣ್ಯ ಹಕ್ಕು ಕಾಯ್ದೆಯ ಬಲದಲ್ಲಿ, ಒಡಿಶಾದ ನಿಯಮಗಿರಿ ಬಾಕ್ಸೈಟ್ ಗಣಿಯ ವಿಷಯದಲ್ಲಿ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದೆ ಹೋಗಿ ಎಂದಿತು. 12 ಹಳ್ಳಿಗಳ ಸಭೆ ಕೂಡಿತು, 12ರಲ್ಲೂ ಬೇಡ ಎಂಬ ಉತ್ತರ ಬಂತು, ಗಣಿ ಬರಲಿಲ್ಲ. ಅಲ್ಲಿ ತೀರ್ಮಾನಿಸುವುದು ಊರೇ. ಅಹವಾಲು ಸಭೆಯನ್ನು ಗ್ರಾಮಸಭೆ ಎಂದುಕೊಂಡು ಹೋದವರೇ ಹೆಚ್ಚು ನಿರಾಶರಾಗುವುದು.

ಆಮೇಲಿನ ಹಂತ ಅಹವಾಲು ಸಭೆಯಿಂದಲೇ ಕೊಡುವ ವಿನಾಯಿತಿಗಳದ್ದು. ಕಟ್ಟಡ ಯೋಜನೆಗಳು ಮೊದಲಿನಿಂದಲೂ ಹೊರಗೆ; ಕಲ್ಲಿದ್ದಲು ಗಣಿಗಳ ಕೆಲವು ಬಗೆಯ ವಿಸ್ತರಣೆ ಆಮೇಲೆ ಹೊರಗಾಯಿತು. 2020ರಲ್ಲಿ ಬಂದ ಹೊಸ ಅಧಿಸೂಚನೆಯ ಕರಡು, ಸಭೆಯ ನೋಟಿಸಿನ ಅವಧಿಯನ್ನು 20 ದಿನಕ್ಕೆ ಇಳಿಸಲು ಹೊರಟಿತು, ಅದೂ ಲಾಕ್‌ಡೌನಿನ ನಡುವೆ. ಕರಡೇ ಜನರ ಭಾಷೆಯಲ್ಲಿ ಇಲ್ಲ ಎಂಬ ತಕರಾರು ಕೋರ್ಟಿಗೆ ಹೋಯಿತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆ ಜೂನ್ 30ರಂದು ಹೇಳಿತು. ಲಕ್ಷಾಂತರ ಆಕ್ಷೇಪಣೆಗಳು ಹರಿದುಬಂದವು. ಕರಡು ಅಂತಿಮವಾಗಲಿಲ್ಲ, ಆದರೆ ಬಿಡಿ ತಿದ್ದುಪಡಿ, ಸಚಿವಾಲಯವೇ ಹೊರಡಿಸುವ ಕಚೇರಿ ಜ್ಞಾಪನಗಳ ದಾರಿ ತೆರೆದೇ ಇತ್ತು. 2025ರ ಸೆಪ್ಟೆಂಬರ್‌ನ ಒಂದು ಜ್ಞಾಪನ ಪರಮಾಣು ಮತ್ತು ನಿರ್ಣಾಯಕ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆ ಬೇಡ ಎಂದಿತು. ಶರಾವತಿ ಕಣಿವೆಯಲ್ಲಿ ಜನ ಮೈಕಿಗಾಗಿ ಸಾಲು ನಿಂತ ತಿಂಗಳೂ ಅದೇ.

ಬೇಡ್ತಿಯ ಹೆಸರೂ ಮತ್ತೆ ಕಡತಕ್ಕೆ ಬಂದಿದೆ, ಈ ಸಲ ವರದಾ ನದಿಗೆ ಜೋಡಿಸುವ ಯೋಜನೆಯಾಗಿ. ಶಿರಸಿಯಲ್ಲಿ ಮತ್ತೆ ಸಭೆಗಳು, ಮತ್ತೆ ನಕ್ಷೆಗಳು.

ನಾನು ಹೋಗಿದ್ದ ಸಭೆ ಮುಗಿಯುವ ಹೊತ್ತಿಗೆ ಟೋಪಿಯವರ ವ್ಯಾನು ಹೊರಟುಹೋಗಿತ್ತು. ನಿಯಮದ ಪ್ರಕಾರ ಗುಮಾಸ್ತರು ನಡಾವಳಿ ಓದುತ್ತಿದ್ದರು, ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ‘ಚರಂಡಿಯ ಬಗ್ಗೆ ಒಬ್ಬರು ಆಕ್ಷೇಪಿಸಿದರು’ ಎಂಬ ಸಾಲು ಬಂದಾಗ ಕೃಷಿಕರು ಎದ್ದು ನಿಂತರು. “ಚರಂಡಿ ಅಲ್ಲ, ಹಳ್ಳ. ಬರ್ಕೊಳ್ಳಿ.” ಗುಮಾಸ್ತರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ತಲೆಯಾಡಿಸಿದ ಮೇಲೆ ಪೆನ್ನಿನಿಂದ ಒಂದು ಪದ ಹೊಡೆದುಹಾಕಿ, ಮೇಲೆ ‘ಹಳ್ಳ’ ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು.